ಹೇಮಾವತಿಯ ಹೌದ್ರಿ

ಕೊಪ್ಪಳ ಸೀಮೆಯಲ್ಲಿ ‘ಹೌದ್ರಿ’ ಎಂದರೆ ಹೌದು ಎಂದು ತಿಳಿದವರು ಮೊದಲು ಇಲ್ಲಿಗೆ ಬಂದು ಒಂದಿಷ್ಟು ದಿನ ಇದ್ದು ಹೋಗಬೇಕು. ಹಿರಿಯರು ಮಾತಾಡುತ್ತಿರುವಾಗ ನಡುನಡುವೆ ಹೌದ್ರಿ ಎನ್ನುವುದು ಇಲ್ಲಿಯ ಮರ್ಯಾದೆ. ನಿಮ್ಮ ಮಾತು ನನ್ನ ಕಿವಿಗೆ ಬೀಳುತ್ತಿದೆ, ಮುಂದೆ ಹೇಳಿರಿ ಎಂದಷ್ಟೇ ಅದರ ಅರ್ಥ. ಒಪ್ಪಿಗೆಯೋ ಅಲ್ಲವೋ ಎಂಬುದು ಆಮೇಲಿನ ವಿಚಾರ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ತಮ್ಮನ್ನು ಬೇರೆ ಯಾರೋ ಎಂದು ತಿಳಿದು ಬೈಯತೊಡಗಿದರೂ, ಅವರು ಮುಗಿಸುವ ತನಕ ಹೌದ್ರಿ, ಹೌದ್ರಿ ಎಂದು ಕೇಳಿಸಿಕೊಂಡು, ಕಡೆಗೆ ಮೆಲ್ಲಗೆ ‘ನಾ ಅವನಲ್ರಿ’ ಎನ್ನುವ ಜನ ಇವರು.

ಹೇಮಾವತಿ ಈ ಜನದ ಮಗಳು. ಅವಳ ಊರು ಮಂಗಳೂರು. ಹೆಸರು ಕೇಳಿದ ಕೂಡಲೇ ನಿಮಗೆ ಸಮುದ್ರ, ಮೀನು, ತೆಂಗಿನ ಮರ ನೆನಪಾದರೆ ತಪ್ಪು ನಿಮ್ಮದು. ಇದು ಯಲಬುರ್ಗಾ, ಕುಕನೂರು ಕಡೆಯ ಮಂಗಳೂರು. ಎರೆಹೊಲ, ಕಡಲೆ, ಬಿಳಿಜೋಳದ ಊರು. ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾದ ಊರು. ಇಲ್ಲಿಯವರಿಗೆ ಮಂಗಳೂರು ಎಂದರೆ ಇದೊಂದೇ. ಇನ್ನೊಂದರ ಮಾತು ಬಂದರೆ ‘ಸಮುದ್ರದ ಮಂಗಳೂರು’ ಎಂದು ಹಿಂದೊಂದು ಬಾಲ ಹಚ್ಚುತ್ತಾರೆ. ಊರಿನ ಅರ್ಧ ಜನ ದುಡಿಯಲು ಹೋಗುವುದು ಆ ಸಮುದ್ರದ ಮಂಗಳೂರಿಗೇ ಆದ್ದರಿಂದ ಬಾಲ ಹಚ್ಚದೆ ವಿಧಿಯೂ ಇಲ್ಲ.

ಅವಳ ಅಪ್ಪ ಸಣ್ಣಪ್ಪ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅವ್ವ ಪಕ್ಕೀರವ್ವ ಊರಲ್ಲೇ ಕೂಲಿಗೆ ಹೋಗುತ್ತಿದ್ದಳು. ಹೇಮಾವತಿ ಓದುತ್ತಿದ್ದಳು. ಹತ್ತನೆಯ ತರಗತಿಯಲ್ಲಿ ಇಡೀ ಶಾಲೆಗೆ ಮೊದಲು ಬಂದಳು. ಹೆಡ್ ಮಾಸ್ತರರು ಶಾಲು ಹೊದಿಸಿದ ಫೋಟೋ ಇವತ್ತಿಗೂ ಮನೆಯ ಗೋಡೆ ಮೇಲಿದೆ. ಫೋಟೋದಲ್ಲಿ ಮಾಸ್ತರರು ನಗುತ್ತಿದ್ದಾರೆ, ಹುಡುಗಿ ಮಾತ್ರ ಶಾಲು ಜಾರೀತೆಂಬ ಚಿಂತೆಯಲ್ಲಿ ಹೆಗಲು ಬಿಗಿಹಿಡಿದು ನಿಂತಿದ್ದಾಳೆ.

ಪಿಯುಸಿ ಎರಡನೆಯ ವರ್ಷದಲ್ಲಿ ಸಣ್ಣಪ್ಪ ಹಲಗೆಯಿಂದ ಜಾರಿ ಬಿದ್ದು ತೊಡೆ ಮುರಿದುಕೊಂಡ. ಪಕ್ಕೀರವ್ವ ಮಗಳನ್ನು ಕರೆದುಕೊಂಡು ಸಮುದ್ರದ ಮಂಗಳೂರಿಗೆ ಓಡಿದಳು. ನೋಡಿಕೊಂಡು ಎರಡು ವಾರದಲ್ಲಿ ಬಂದರಾಯಿತು ಎಂದು ಹೋದವರು ಹೊಳ್ಳಿ ಬಂದದ್ದು ಮುಂದಿನ ಮಳೆಗಾಲಕ್ಕೆ. ಗಂಡನ ಜಾಗದಲ್ಲಿ ಹೆಂಡತಿ ಕೆಲಸಕ್ಕೆ ನಿಂತಳು. ಒಬ್ಬಳ ಕೂಲಿ ಸಾಲದೆ ಮಗಳೂ ನಿಂತಳು. ತಗಡಿನ ಶೆಡ್ಡಿನಲ್ಲಿ ಅಪ್ಪ ಮಲಗಿದ್ದ, ಹೊರಗೆ ಅವ್ವ ಮಗಳು ಕಾಂಕ್ರೀಟು ಹೊರುತ್ತಿದ್ದರು. ಕಟ್ಟುತ್ತಿದ್ದದ್ದು ಯಾವುದೋ ಕಾಲೇಜಿನ ಹುಡುಗಿಯರ ಹಾಸ್ಟೆಲು. ಇಲ್ಲಿ ಅವಳ ಪರೀಕ್ಷೆ ನಡೆದ ದಿನಗಳಲ್ಲಿ ಹೇಮಾವತಿ ಅಲ್ಲಿ ಆ ಹಾಸ್ಟೆಲಿನ ಮೂರನೆಯ ಮಹಡಿಗೆ ಬುಟ್ಟಿ ಸಾಗಿಸುತ್ತಿದ್ದಳು.

ಎಂಬಿಎ ಎಂಬ ಮೂರಕ್ಷರ ಅವಳ ತಲೆಗೆ ಹೊಕ್ಕದ್ದು ಅಲ್ಲಿಯೇ. ಒಂದು ದಿನ ಬಿಳಿ ಕಾರಿನಲ್ಲಿ ಒಬ್ಬ ಹೆಂಗಸು ಬಂದಿಳಿದಳು. ತಲೆಗೆ ಹೆಲ್ಮೆಟ್, ಕಾಲಿಗೆ ಶೂ, ವಯಸ್ಸು ಬಹಳವೇನಲ್ಲ. ದಿನವೆಲ್ಲ ಹೆಣ್ಣಾಳುಗಳ ಮೇಲೆ ಹರಿಹಾಯುತ್ತಿದ್ದ ಕುಷ್ಟಗಿಯ ಮೇಸ್ತ್ರಿ ಗಾಳೇಶ, ಆಕೆ ಮುಂದೆ ಕೈಕಟ್ಟಿ ನಿಂತು ಹೇಳಿದ್ದಕ್ಕೆಲ್ಲ ‘ಹೌದ್ರೀ ಮೇಡಂ’ ಎಂದ. ಆಕೆ ಹೆಚ್ಚು ಮಾತೇ ಆಡಲಿಲ್ಲ.

“ಯಾರವ್ವ ಆಕಿ?” ಎಂದು ಹೇಮಾವತಿ ಕೇಳಿದಳು.

“ಎಂಬಿಎ ಓದ್ಯಾಳಂತ,” ಎಂದಳು ಪಕ್ಕೀರವ್ವ. “ಈ ಬಿಲ್ಡಿಂಗ್ ಎಲ್ಲಾ ಆಕಿ ಕೈಯಾಗ ಐತಂತ. ನೀ ಬುಟ್ಟಿ ಎತ್ತು, ಅಂವ ನೋಡಾಕತ್ಯಾನ.”

ಬುಟ್ಟಿ ಎತ್ತುವಾಗ ಹುಡುಗಿ ನಿರ್ಧಾರ ಮಾಡಿಬಿಟ್ಟಳು. ಹೌದ್ರಿ ಎನ್ನುವುದು ಸಾಕು, ಹೌದ್ರಿ ಅನ್ನಿಸಿಕೊಳ್ಳುವವಳು ಆಗಬೇಕು. ಹದಿನೇಳರ ಹುಡುಗಿಯ ನಿರ್ಧಾರ ಬಿಡಿ ಎಂದು ನೀವು ನಗಬಹುದು. ಆದರೆ ಹೇಮಾವತಿ ಹಟದಲ್ಲಿ ಅವ್ವನನ್ನು ಹೋಲುತ್ತಾಳೆ.

ಊರಿಗೆ ಬಂದು, ಗೈರುಹಾಜರಾಗಿ ಫೇಲಾದ ಆ ಪರೀಕ್ಷೆಯನ್ನು ಬರೆದು ಹೇಗೋ ದಾಟಿದಳು. ದಾಟಿದಳು ಎನ್ನಬೇಕೇ ಹೊರತು ಪಾಸಾದಳು ಎನ್ನಲು ನಾಚಿಕೆಯಾಗುವಂಥ ಅಂಕ. ಕೊಪ್ಪಳದಲ್ಲಿ ಬಿ.ಕಾಂ. ಸೇರಿದಳು. ಮೊದಲ ವರ್ಷ ಎರಡು ವಿಷಯ ಉಳಿದವು, ಕಡೆಯ ವರ್ಷ ಕಾಲೇಜಿಗೆ ಎರಡನೆಯವಳಾದಳು. ಅವಳ ಅಂಕಪಟ್ಟಿಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ಯಲಬುರ್ಗಾ ರಸ್ತೆ ಕಂಡಂತಾಗುತ್ತದೆ. ಒಂದು ದಿನ್ನೆ, ಒಂದು ತಗ್ಗು, ಮತ್ತೆ ದಿನ್ನೆ.

ಆ ಕಾಲೇಜಿನ ಅತಿಥಿ ಉಪನ್ಯಾಸಕ ಶಾಂತಕುಮಾರ ಸರ್ ಅವಳಿಗೆ ಕ್ಯಾಟ್ ಪರೀಕ್ಷೆಯ ಹಾದಿ ತೋರಿಸಿದರು. ಅದನ್ನು ಬರೆದು ಗೆದ್ದರೆ ದೇಶದ ದೊಡ್ಡ ಬಿಸಿನೆಸ್ ಸ್ಕೂಲುಗಳ ಬಾಗಿಲು ತೆರೆಯುತ್ತದೆ ಎಂದರು. ಅವರೂ ತಮ್ಮ ಕಾಲದಲ್ಲಿ ಬರೆದು ಸೋತವರು. ಸೋತವರು ತೋರಿಸುವ ಹಾದಿಯಲ್ಲಿ ತಗ್ಗುಗಳ ಗುರುತು ಚೆನ್ನಾಗಿರುತ್ತದೆ ಎನ್ನುವುದೇನೋ ನಿಜ, ಆದರೆ ಎಲ್ಲ ತಗ್ಗುಗಳ ಗುರುತು ಯಾರಿಗೆ ಇರುತ್ತದೆ?

ಡಿಗ್ರಿ ಮುಗಿಸಿ ಶ್ರೀರಾಮನಗರದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದಳು. ಗಂಗಾವತಿಯಲ್ಲಿ ಜರೀನಾ ಎಂಬ ನರ್ಸ್ ಹುಡುಗಿಯ ಜೊತೆ ಒಂದು ರೂಮು. ದಿನಾ ಟಂಟಂ ಆಟೋದಲ್ಲಿ ಹೋಗಿ ಬರುವಾಗ ಪುಸ್ತಕ ತೊಡೆ ಮೇಲೆ. ಮೊದಲ ಸಲ ಬರೆದಾಗ ಅಂಕ ಸಾಲಲಿಲ್ಲ. ಎರಡನೆಯ ಸಲ ಅಂಕ ಬಂದವು, ಕರೆ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಶಾಂತಕುಮಾರ ಸರ್ ಬಿಡಿಸಿ ಹೇಳಿದರು. “ಅವರು ಹಳೇ ಮಾರ್ಕ್ಸೂ ಕೂಡಸ್ತಾರ ಹೇಮಾವತಿ. ನಿನ್ನ ಪಿಯುಸಿ ಐತಲ್ಲ, ಅದು ನಿನ್ನ ಕಾಲು ಹಿಡದು ಕೆಳಗ ಜಗ್ಗಾಕತ್ತೈತಿ.” ಮೂರನೆಯ ಸಲ ಇನ್ನೂ ಹೆಚ್ಚು ಅಂಕ ತೆಗೆದಳು. ಆಗ ಬಂದದ್ದು ಒಂದೇ ಒಂದು ಸಂದರ್ಶನದ ಕರೆ. ಆದರೆ ಬಂದದ್ದು ಸಣ್ಣ ಕಡೆಯಿಂದಲ್ಲ. ಶಾಂತಕುಮಾರ ಸರ್ ಆ ಸ್ಕೂಲಿನ ಹೆಸರು ಓದಿ ಅವಳ ಮೊಬೈಲು ಹಿಂತಿರುಗಿಸುವುದನ್ನೇ ಮರೆತು ನಿಂತರು.

“ಅವರು ಕೇಳೂದು ಒಂದ ಪ್ರಶ್ನೆ,” ಎಂದರು. “ಪಿಯುಸಿ ಯಾಕ ಹಿಂಗಾತು ಅಂತ. ಖರೇ ಇದ್ದದ್ದು ಹೇಳು, ಅಳಬ್ಯಾಡ, ಸಣ್ಣದಾಗಿ ಹೇಳು. ಮತ್ತ ಒಂದು ನೆನಪಿಟ್ಕೋ. ವಾದ ಹಾಕಬ್ಯಾಡ. ಅವರು ಏನರ ಅಂದ್ರ ಮೊದಲ ಎಸ್ ಸರ್ ಅನ್ನು. ಆಮ್ಯಾಲೆ ನಿಂದು ಹೇಳು.”

ಉತ್ತರವನ್ನು ಇಂಗ್ಲಿಷಿನಲ್ಲಿ ಮೂರು ವಾಕ್ಯ ಮಾಡಿಕೊಂಡಳು. ಅಪ್ಪ ಬಿದ್ದದ್ದು, ತಾನು ಕಾಂಕ್ರೀಟು ಹೊತ್ತದ್ದು, ಆ ಹಾಸ್ಟೆಲಿನಲ್ಲಿ ಕಲಿತದ್ದು. ಜರೀನಾ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪ್ರೊಫೆಸರಳಾಗುತ್ತಿದ್ದಳು. “ವಾಯ್ ಪಿಯುಸಿ ಫೇಲ್?” ಎಂದು ಗದರಿಸಿ ಕೇಳುತ್ತಿದ್ದಳು. ಹೇಮಾವತಿ ಒಂದೇ ಉಸಿರಿಗೆ ಮೂರೂ ವಾಕ್ಯ ಹೇಳಿ ಮುಗಿಸುತ್ತಿದ್ದಳು. ಅಷ್ಟು ದಿನಗಳಲ್ಲಿ ಅವಳು ನಿಜವಾಗಿ ಸುಖವಾಗಿದ್ದದ್ದು ಆಗಲೇ ಇರಬೇಕು.

ಸಂದರ್ಶನ ಬೆಂಗಳೂರಿನಲ್ಲಿ. ಮೇಜಿನ ಆ ಕಡೆ ಮೂವರು ಕೂತಿದ್ದರು. ನಡುವೆ ಬಿಳಿಗೂದಲ ಹಿರಿಯ ಪ್ರೊಫೆಸರು, ಬಲಕ್ಕೆ ಕನ್ನಡಕದ ಮೇಡಂ, ಎಡಕ್ಕೆ ಲ್ಯಾಪ್‌ಟಾಪಿನ ತರುಣ. ಮಾತೆಲ್ಲ ಇಂಗ್ಲಿಷಿನಲ್ಲಿ. ಪ್ರೊಫೆಸರು ಅವಳ ಕಾಗದ ನೋಡಿದವರು ಮುಖ ಅರಳಿಸಿ ತಲೆಯೆತ್ತಿದರು.

“ಓಹೋ, ಮಂಗಳೂರು! ನಮ್ಮೂರಿನವಳು ನೀನು!”

ಅವರು ಸಮುದ್ರದ ಮಂಗಳೂರಿನವರು. ಎಷ್ಟು ಸಂತೋಷಪಟ್ಟರೆಂದರೆ ಕುರ್ಚಿಯನ್ನು ಅರ್ಧ ಗೇಣು ಮುಂದಕ್ಕೆ ಎಳೆದುಕೊಂಡರು. ಹೇಮಾವತಿಯ ಬಾಯಿಂದ ಬಂದದ್ದು, “ಎಸ್ ಸರ್.”

ಅದು ಇಂಗ್ಲಿಷಿನ ಎಸ್ ಅಲ್ಲ. ಹೌದ್ರಿಗೆ ಇಂಗ್ಲಿಷಿನ ಅಂಗಿ ತೊಡಿಸಿದ್ದು ಅಷ್ಟೇ. ಹಿರಿಯರು ಹೇಳುತ್ತಿದ್ದಾರೆ, ಮುಗಿಸಲಿ, ಆಮೇಲೆ ನಮ್ಮೂರು ಅದಲ್ಲ ಎಂದು ಹೇಳಿದರಾಯಿತು ಎಂದು ಅವಳು ಕಾದಳು. ನಮ್ಮ ಕಡೆ ಹಿರಿಯರು ಒಂದು ಮಾತು ಮುಗಿಸಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಆಗ ಕಿರಿಯರ ಪಾಳಿ. ಈ ಪ್ರೊಫೆಸರು ಎಲೆ ಅಡಿಕೆ ಹಾಕುವವರಲ್ಲ. ಒಂದು ಮಾತಿನ ಬೆನ್ನಿಗೇ ಇನ್ನೊಂದು ಬಂತು. ಈಗ ಊರು ಬಹಳ ಬದಲಾಗಿದೆಯಂತೆ? ಎಸ್ ಸರ್. ಸಮುದ್ರದ ದಂಡೆಗೆ ಹೋಗುತ್ತಿದ್ದೆಯಾ? ಎಸ್ ಸರ್. ಇದು ಸುಳ್ಳೂ ಅಲ್ಲ, ಒಂದು ರಜೆಯ ದಿನ ಅವ್ವನ ಜೊತೆ ಹೋಗಿ ಕಾಲು ತೋಯಿಸಿಕೊಂಡು ಬಂದಿದ್ದಳು.

ಆಮೇಲೆ ಅವರ ಕಣ್ಣು ಪಿಯುಸಿ ಅಂಕದ ಮೇಲೆ ಬಿತ್ತು. ಮುಖದ ನಗು ಇಳಿಯಿತು.

“ನಮ್ಮೂರಲ್ಲಿ ಹೆಜ್ಜೆಗೊಂದು ಕಾಲೇಜು. ಎಲ್ಲೆಲ್ಲಿಂದಲೋ ಮಕ್ಕಳು ಓದಲು ಬರುತ್ತಾರೆ. ಅಂಥ ಊರಲ್ಲಿದ್ದೂ ಫೇಲಾದೆ ಎಂದರೆ, ಓದಿನ ಕಡೆ ನಿನಗೆ ಗಮನ ಇರಲಿಲ್ಲ.”

ಅದು ಪ್ರಶ್ನೆಯಂತಿರಲಿಲ್ಲ. ಹಿರಿಯರೊಬ್ಬರು ಬೇಸರದಿಂದ ಆಡಿದ ಮಾತಿನಂತಿತ್ತು. ಅಂಥ ಮಾತಿಗೆ ಏನೆನ್ನಬೇಕೆಂದು ಹೇಮಾವತಿಯ ನಾಲಗೆಗೆ ಹುಟ್ಟಿನಿಂದ ಗೊತ್ತು.

“ಎಸ್ ಸರ್.”

ತರುಣ ಲ್ಯಾಪ್‌ಟಾಪಿನಲ್ಲಿ ಏನೋ ಟೈಪು ಮಾಡಿದ. ಕನ್ನಡಕದ ಮೇಡಂ ಮುಂದಕ್ಕೆ ಬಾಗಿದರು. “ಮಂಗಳೂರು ಬಿಟ್ಟು ಡಿಗ್ರಿಗೆ ಕೊಪ್ಪಳಕ್ಕೆ ಹೋದೆಯಾ? ಜನ ಕೊಪ್ಪಳದಿಂದ ಮಂಗಳೂರಿಗೆ ಬರುತ್ತಾರಲ್ಲ?”

ಹೇಮಾವತಿಗೆ ತನ್ನ ಎಸ್‌ಗಳೆಲ್ಲ ಎಲ್ಲಿ ಹೋಗಿ ಕೂತಿವೆ ಎಂದು ತಿಳಿದದ್ದು ಆಗಲೇ. “ಮೇಡಂ, ನಮ್ಮ ಮಂಗಳೂರು ಆ ಮಂಗಳೂರಲ್ಲ. ಇದು ಕೊಪ್ಪಳ ಜಿಲ್ಲೆಯ ಹಳ್ಳಿ,” ಎಂದಳು.

ಪ್ರೊಫೆಸರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. “ಮತ್ತೆ ಇಷ್ಟು ಹೊತ್ತು ಎಸ್ ಎಂದದ್ದೇಕೆ?”

ಇದಕ್ಕೆ ಉತ್ತರ ಜರೀನಾಳ ಮಂಚದ ಮುಂದೆ ತಯಾರಾಗಿರಲಿಲ್ಲ. ಹೇಮಾವತಿ ಇದ್ದಬಿದ್ದ ಇಂಗ್ಲಿಷೆಲ್ಲ ತಡಕಾಡಿದಳು. “ಸರ್, ದಟ್ ಎಸ್ ವಾಸ್ ನಾಟ್ ಎಸ್,” ಎಂದಳು.

ತರುಣ ಫಕ್ಕನೆ ನಕ್ಕ. ಮೇಡಂ ಕಾಗದದಲ್ಲಿ ಮುಖ ಹುದುಗಿಸಿ ನಕ್ಕರು. ಪ್ರೊಫೆಸರು ಮಾತ್ರ ನಗಲಿಲ್ಲ, ಅವರೂ ನಕ್ಕಿದ್ದರೆ ಪರವಾಗಿರಲಿಲ್ಲ. “ಗಮನ ಇರಲಿಲ್ಲ ಎಂದಾಗಲೂ ಎಸ್ ಎಂದೆಯಲ್ಲಮ್ಮ, ಅದು ಯಾವ ಎಸ್?” ಎಂದು ಕೇಳಿದರು. ಕೋಪದಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಂತಿತ್ತು.

ಮೂರು ವಾಕ್ಯ ಗಂಟಲಲ್ಲೇ ಇದ್ದವು. ಸರ್, ಆ ವರ್ಷ ನಾನು ನಿಮ್ಮೂರಲ್ಲೇ ಇದ್ದೆ, ನಿಮ್ಮೂರಿನ ಒಂದು ಕಾಲೇಜಿಗೆ ಕಾಂಕ್ರೀಟು ಹೊತ್ತೆ ಎಂದರೆ ಮುಗಿಯುತ್ತಿತ್ತು. ಆದರೆ ಈಗ ತಾನೇ ಅದು ನಮ್ಮೂರಲ್ಲ ಎಂದಿದ್ದಾಳೆ. ಈಗ ಅಲ್ಲಿದ್ದೆ ಎಂದರೆ ಯಾರು ನಂಬುತ್ತಾರೆ? ಹುಡುಗಿ ಗಳಿಗೆಗೊಂದು ಕಥೆ ಕಟ್ಟುತ್ತಾಳೆ ಎನ್ನುವುದಿಲ್ಲವೇ? ಹೇಮಾವತಿ ತುಟಿ ಕಚ್ಚಿಕೊಂಡು ಕೂತಳು. ಅವರು ಥ್ಯಾಂಕ್ಯೂ ಎಂದರು. ಅವಳೂ ಥ್ಯಾಂಕ್ಯೂ ಎಂದು ಎದ್ದುಬಂದಳು.

ರೂಮಿಗೆ ಬಂದು ಎಲ್ಲ ಹೇಳಿದಾಗ ಜರೀನಾ ಹಣೆ ಚಚ್ಚಿಕೊಂಡಳು. “ಅಲ್ಲಲೇ, ನಿನ್ನ ಬಾಯಿಗೆ ಏನಾಗಿತ್ತ? ಮೊದಲ ಮಾತಿಗೇ ಅಲ್ಲ ಅನ್ನಾಕ ಏನು ಧಾಡಿ?”

“ಹಿರೇರು ಅಷ್ಟ್ ಖುಷಿ ಆಗಿದ್ರು. ಹೆಂಗ ನಡಬರಕ ಬಾಯಿ ಹಾಕ್ಲಿ?” ಎಂದಳು ಹೇಮಾವತಿ.

ಜರೀನಾ ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದಳು. ಅವಳಾಗಿದ್ದರೂ ಅದನ್ನೇ ಮಾಡುತ್ತಿದ್ದಳೋ ಏನೋ.

ಫಲಿತಾಂಶವನ್ನು ಗಿರಣಿಯ ಕಂಪ್ಯೂಟರಿನಲ್ಲಿ ನೋಡಿದಳು. ಆಯ್ಕೆಯಾಗಿಲ್ಲ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ಕಾಯುವವರ ಸಾಲಿನಲ್ಲೂ ಅವಳ ಹೆಸರಿರಲಿಲ್ಲ. ಶಾಂತಕುಮಾರ ಸರ್‌ಗೆ ಫೋನು ಮಾಡಿದರೆ ಅವರು ಮುಂದಿನ ವರ್ಷದ ಮಾತೆತ್ತಲಿಲ್ಲ. ಎಸ್ ಸರ್ ಅನ್ನು ಎಂದು ಹೇಳಿಕೊಟ್ಟವನು ನಾನೇ ಅಲ್ಲವೇ ಎಂದರು. ಅವರನ್ನು ಸಮಾಧಾನ ಮಾಡುವ ಕೆಲಸವೂ ಅವಳ ಪಾಲಿಗೇ ಬಂತು.

ಊರಿಗೆ ಹೋದಾಗ ಸಣ್ಣಪ್ಪ ಕಟ್ಟೆಯ ಮೇಲೆ ಮುರಿದ ಕಾಲನ್ನು ನೀಳಕ್ಕೆ ಚಾಚಿ ಕೂತಿದ್ದ. ಆ ಕಾಲು ಕೂಡಿಕೊಂಡಿದೆ, ಆದರೆ ಈಗ ಮಡಚುವುದಿಲ್ಲ.

“ಸೀಟು ಆಗಲಿಲ್ಲೇನು?”

“ಇಲ್ಲಪ್ಪಾ.”

“ನಾ ಬಿದ್ದದ್ದು ಹೇಳಿದ್ಯೇನು ಅವರಿಗೆ?”

“ಇಲ್ಲ.”

ಸಣ್ಣಪ್ಪ ತನ್ನ ಕಾಲಿನ ಮೇಲೆ ಕೈಯಾಡಿಸಿದ. “ಹೇಳಬೇಕಿತ್ತವ್ವ,” ಎಂದ. “ಮುರಿದದ್ದಂತೂ ಮುರೀತು. ನಿನಗರ ಉಪಯೋಗಕ್ಕ ಬರತಿತ್ತು.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಪಕ್ಕೀರವ್ವನ ಕೈ ನಿಂತಿತು. ಹೇಮಾವತಿಗೆ ಅಲ್ಲಿಯ ತನಕ ಬಾರದ ಅಳು ಆಗ ಬಂತು. ಸೀಟು ಸಿಗದ್ದಕ್ಕಲ್ಲ. ಅಪ್ಪ ಇಷ್ಟು ವರ್ಷ ಆ ಕಾಲಿಗೆ ಏನಾದರೂ ಬೆಲೆ ಬಂದೀತೆಂದು ಕಾದಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ.

ಮತ್ತೆ ಗಿರಣಿ, ಮತ್ತೆ ಟಂಟಂ. ತೊಡೆ ಮೇಲೆ ಈಗ ಪುಸ್ತಕವಿರಲಿಲ್ಲ, ಆದರೆ ಪುಸ್ತಕಗಳನ್ನು ಯಾರಿಗೂ ಕೊಟ್ಟಿರಲೂ ಇಲ್ಲ. ಇನ್ನೊಂದು ಸಲ ಬರೆಯಬೇಕೋ ಬೇಡವೋ ಎಂಬುದನ್ನು ಅವಳು ಮನಸ್ಸಿನಲ್ಲಿ ಎತ್ತಿ ಇಟ್ಟಿದ್ದಳು. ಬರೆದರೂ ಪಿಯುಸಿ ಇದ್ದಲ್ಲೇ ಇರುತ್ತದೆ, ವಯಸ್ಸು ಮಾತ್ರ ಮುಂದೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಎಳೆ ಉಳಿದಿತ್ತು.

ಗಿರಣಿ ಯಜಮಾನ ವೆಂಕಟರತ್ನಂ ಒಳ್ಳೆಯ ಮನುಷ್ಯ. ಅವರ ಅಜ್ಜ ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದವರು. ಒಂದು ಮಧ್ಯಾಹ್ನ ಅವರು ಆಫೀಸಿಗೆ ಬಂದು ಅವಳ ಮೇಜಿನ ಮುಂದೆಯೇ ಕೂತರು.

“ಏನಮ್ಮಾ ಹೇಮಾವತಿ, ಆ ಪರೀಕ್ಷೆಗಳೆಲ್ಲ ಮುಗಿದವಲ್ಲಾ?”

“ಹೌದ್ರಿ.”

“ನಮ್ಮ ಹಳೇ ಗುಮಾಸ್ತರು ಯುಗಾದಿಗೆ ಬಿಡ್ತಾರೆ. ಆಫೀಸು ಪೂರ್ತಿ ನೀನೇ ನೋಡ್ಕೋಬೇಕು. ನಂಬಿಕೆ ಇರೋರು ಬೇಕಮ್ಮಾ ನನಗೆ. ಇನ್ನ ಎಲ್ಲಿಗೂ ಹೋಗದೆ ಇಲ್ಲೇ ಇರ್ತೀಯಲ್ಲಾ?”

“ಹೌದ್ರಿ.”

ವೆಂಕಟರತ್ನಂ ಸಂತೋಷದಿಂದ ಮೇಜು ತಟ್ಟಿ, ಚಹಾ ತರಲು ಹೊರಗೆ ಕೂಗಿ ಹೇಳಿದರು. ಬಾಯಿಂದ ಹೊರಟುಹೋದ ಮಾತು ಹೇಮಾವತಿಯ ಕಿವಿಗೆ ಬಿದ್ದದ್ದು ಆಮೇಲೆ. ಬೆಂಗಳೂರಿನ ಕೋಣೆಯಲ್ಲಿ ಆದದ್ದೇ ಇಲ್ಲೂ ಆಗಿತ್ತು. ಈ ಸಲ ತಡ ಮಾಡಬಾರದು ಎಂದು ಗಟ್ಟಿಯಾಗಿ ಬಾಯಿ ತೆರೆದಳು.

“ಅಲ್ರೀ…”

ಆದರೆ ನಮ್ಮ ಕಡೆ ‘ಅಲ್ರೀ’ ಎಂದರೆ ಅಲ್ಲ ಎಂದೂ ಅಲ್ಲ. ಏನೋ ಒಂದು ಮಾತು ಶುರುಮಾಡುತ್ತಿದ್ದೇನೆ ಎಂದರ್ಥ. ಅಜ್ಜನ ಕಾಲದಿಂದ ಇಲ್ಲೇ ಇರುವ ವೆಂಕಟರತ್ನಂಗೆ ಅದು ಗೊತ್ತು. “ಹಾಂ, ಹೇಳಮ್ಮಾ,” ಎಂದು ಮೊಬೈಲು ಪಕ್ಕಕ್ಕಿಟ್ಟು, ಅವಳ ಮುಖ ನೋಡುತ್ತಾ ಕಾದರು. ಅವಸರ ಮಾಡಲಿಲ್ಲ. ಬೆಂಗಳೂರಿನ ಆ ಮೂವರು ಕೊಡದಿದ್ದ ಪಾಳಿಯನ್ನು ಈ ಮನುಷ್ಯ ಪೂರ್ತಿಯಾಗಿ ಕೊಟ್ಟರು.

ಇನ್ನೊಂದು ಸಲ ಬರೆಯುತ್ತೇನೆ ಎನ್ನಬೇಕೆಂದುಕೊಂಡಳು. ಬಾಯಿಗೆ ಬಂದದ್ದು ಬೇರೆ.

“ನಮ್ಮ ಮಂಗಳೂರು ಬ್ಯಾರೆ ಐತ್ರಿ. ಸಮುದ್ರದ ಮಂಗಳೂರು ಬ್ಯಾರೆ.”

ವೆಂಕಟರತ್ನಂ ನಕ್ಕುಬಿಟ್ಟರು. “ಅದು ಯಾರಿಗೆ ಗೊತ್ತಿಲ್ಲಮ್ಮಾ? ನಿಮ್ಮದು ಕುಕನೂರು ಹತ್ತಿರದ್ದು. ಎರಡೂ ಒಂದೇ ಅಂತ ಯಾರಂದರು?”

“ನಾನ ಅಂದಿದ್ದೆರಿ,” ಎಂದಳು ಹೇಮಾವತಿ.

ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹಮಾಲ ತೌಸೀಫ ಚಹಾ ತಂದ. ಅವನಿಗೆ ಯಜಮಾನರು, ಯುಗಾದಿಯಿಂದ ಆಫೀಸಿಗೆ ಹೇಮಾವತಿಯೇ ದೊಡ್ಡವರು, ಅವರು ಹೇಳಿದಂತೆ ಕೇಳಬೇಕು ಎಂದರು.

ತೌಸೀಫ ಅವಳ ಕಡೆ ತಿರುಗಿ ನಿಂತು, “ಹೌದ್ರೀ ಮೇಡಂ,” ಎಂದ.

ಹೇಮಾವತಿ ಅವನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡಳು.